ಉದ್ದುದ್ದ ಡಚ್ ಪದಗಳನ್ನು ಒಡೆದು ಓದುವುದು: ಬೆಸುಗೆ, ಉಚ್ಚಾರಾಂಶ, ಒತ್ತು – ಸಮಗ್ರ ಮಾರ್ಗದರ್ಶಿ

ಬಾಡಿಗೆ ಕರಾರು, ವಿಮೆಯ ಕಾಗದ, ನಗರಸಭೆಯ ಪತ್ರ. ನೆದರ್‌ಲ್ಯಾಂಡ್ಸ್‌ಗೆ ಹೋಗಿ ಮನೆ ಮಾಡಿದವರ ಕೈಗೆ ಮೊದಲ ವಾರಗಳಲ್ಲೇ ಬರುವ ಈ ಕಾಗದಗಳಲ್ಲಿ ಇಪ್ಪತ್ತು, ಮೂವತ್ತು ಅಕ್ಷರಗಳ ಪದಗಳು ನಡುವೆ ಜಾಗವೇ ಇಲ್ಲದೆ ನಿಂತಿರುತ್ತವೆ. ‘ದುಡಿಯಲಾಗದ ಸ್ಥಿತಿಗೆ ವಿಮೆ’ ಎಂಬುದಕ್ಕೆ ಡಚ್ಚರದು ಒಂದೇ ಪದ, 33 ಅಕ್ಷರ. ಓದಲು ಕೂತವರು ಎಡದಿಂದ ಒಂದೊಂದೇ ಅಕ್ಷರ ಕೂಡಿಸುತ್ತಾ ಹೋಗಿ ನಡುವೆಯೇ ಉಸಿರು ಕಟ್ಟಿ ನಿಲ್ಲುತ್ತಾರೆ. ಹಾಗೆ ಓದಿದರೆ ಸ್ವರ ತಪ್ಪುತ್ತದೆ, ವ್ಯಂಜನ ತಪ್ಪುತ್ತದೆ, ಒತ್ತು (ಒಂದು ಉಚ್ಚಾರಾಂಶದ ಮೇಲೆ ದನಿ ಎತ್ತಿ ಹೇಳುವುದು) ತಪ್ಪುತ್ತದೆ. ಮೂರೂ ತಪ್ಪಲು ಕಾರಣ ಒಂದೇ: ಪದ ಎಲ್ಲಿ ಬೆಸೆದುಕೊಂಡಿದೆ ಎಂದು ನೋಡುವ ಮೊದಲೇ ಉಚ್ಚಾರಾಂಶ ಎಣಿಸಲು ಹೊರಟಿರುತ್ತೇವೆ.

ಸಮಾಸ, ಸಂಧಿ ಶಾಲೆಯಲ್ಲಿ ಕಲಿತವರಿಗೆ ಇದು ಪೂರ್ತಿ ಹೊಸ ವಿಷಯವಲ್ಲ. ಡಚ್ ಸಮಾಸಗಳಲ್ಲಿ ಹೆಚ್ಚಿನವು ನಮ್ಮ ತತ್ಪುರುಷದ ಹಾಗೆ: ಉತ್ತರಪದದ ಅರ್ಥವೇ ಮುಖ್ಯ. ಪದದ ಲಿಂಗ, ಬಹುವಚನ ಎರಡೂ ಕೊನೆಯ ತುಂಡನ್ನೇ ಅನುಸರಿಸುತ್ತವೆ.

ಮೊದಲು ಬರಹದ ಬಗ್ಗೆ

ಇಲ್ಲಿ ಡಚ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದೆ. ಕೂಡಿಸುವ ಗುರುತು (+) ಎರಡು ಪದಗಳ ಬೆಸುಗೆಯನ್ನು ತೋರಿಸುತ್ತದೆ, ಅಡ್ಡಗೆರೆ (-) ಉಚ್ಚಾರಾಂಶವನ್ನು. ‘ಖ಼’ ಎಂದರೆ ಗಂಟಲಲ್ಲಿ ಉಸಿರು ಉಜ್ಜಿ ಬರುವ ಧ್ವನಿ. ನಮ್ಮ ಮಹಾಪ್ರಾಣ ‘ಖ’ ಅಲ್ಲ. ಡಚ್ಚಿನ ‘ಜಿ’ ಮತ್ತು ‘ಸಿಎಚ್’ ಎರಡಕ್ಕೂ ಇದೇ ಬರಹ. ದಕ್ಷಿಣದ ಬ್ರಬಾಂತ್, ಲಿಂಬರ್ಖ಼್ ಮತ್ತು ಬೆಲ್ಜಿಯಂನ ಕಡೆ ಇದು ಹೆಚ್ಚು ಮೃದು. ‘ಜ಼’, ‘ಫ಼’ ಇಂಗ್ಲಿಷಿನ ಜ಼ೂ, ಫ಼ೋನ್‌ಗಳಲ್ಲಿ ಇರುವಂತೆ. ‘ಝ’ ಇಂಗ್ಲಿಷಿನ ವಿಷನ್ ಪದದ ನಡುವೆ ಇರುವಂತೆ, ನಮ್ಮ ಮಹಾಪ್ರಾಣ ‘ಝ’ ಅಲ್ಲ. ಡಚ್ಚಿನ ‘ಟಿ’, ‘ಡಿ’ಗಳನ್ನು ತ, ದ ಎಂದೇ ಬರೆದಿದೆ, ಏಕೆಂದರೆ ಟ, ಡ ಹೇಳುವಾಗ ನಾವು ಮಡಚುವ ಹಾಗೆ ಡಚ್ಚರು ನಾಲಿಗೆ ಮಡಚುವುದಿಲ್ಲ. ‘ಒಯ್’ ಎಂದು ಬರೆದಿರುವಲ್ಲಿ ತುಟಿಯನ್ನು ದುಂಡಗೆ ಮಾಡಿ ‘ಎಯ್’ ಅನ್ನಲು ಪ್ರಯತ್ನಿಸಿ. ಮನೆಗೆ ಅವರು ಹೇಳುವ ‘ಹೊಯ್ಸ್’ ಹೀಗೆ ಬರುತ್ತದೆ.

ಹೆಜ್ಜೆ 1: ಹಿಂದಿನಿಂದ ಶುರು ಮಾಡಿ, ಬೆಸುಗೆ ಹುಡುಕಿ

ಪದದ ಕೊನೆಯಿಂದ ಮುಂದಕ್ಕೆ ಬನ್ನಿ. ನಿಮಗೆ ಗೊತ್ತಿರುವ, ಸ್ವತಂತ್ರವಾಗಿ ನಿಲ್ಲಬಲ್ಲ ಅತಿ ಉದ್ದದ ಪದ ಯಾವುದು? ಮೇಲಿನ 33 ಅಕ್ಷರದ ಪದದ ಕೊನೆಗೆ ‘ವರ್ಜ಼ೇಕರಿಙ್’ (ವಿಮೆ) ಇದೆ. ಅದನ್ನು ಕಳಚಿಡಿ. ಉಳಿದದ್ದರ ಕೊನೆಯಲ್ಲಿ ‘ಒನ್‌ಖ಼ಸ್ಖ಼ಿಕ್ತ್‌ಹೆಯ್ತ್’ (ಅಸಮರ್ಥತೆ) ಇದೆ, ಅದರ ಬಾಲಕ್ಕೆ ಒಂದು ‘ಎಸ್’ ಅಂಟಿದೆ. ಮತ್ತೂ ಹಿಂದೆ ‘ಅರ್ಬೆಯ್ತ್’ (ದುಡಿಮೆ), ಅದಕ್ಕೂ ಒಂದು ‘ಎಸ್’. ಅಲ್ಲಿಗೆ ಮೂರು ತುಂಡು, ಎರಡು ಬೆಸುಗೆ. ಹಿಂದಿನಿಂದ ಹೊರಡುವುದು ಏಕೆಂದರೆ ಮುಖ್ಯ ಅರ್ಥ ಅಲ್ಲಿದೆ. ಇದು ವಿಮೆ ಎಂದು ಗೊತ್ತಾದ ಮೇಲೆ ಉಳಿದದ್ದೆಲ್ಲ ‘ಯಾವ ವಿಮೆ’ ಎಂಬುದಕ್ಕೆ ಉತ್ತರ.

ತುಂಡುಗಳ ನಡುವಿನ ಅಂಟನ್ನು ಗುರುತಿಸಲು ಕಲಿತರೆ ಅರ್ಧ ಕೆಲಸ ಮುಗಿದಂತೆ. ಮುಖ್ಯವಾದ ಅಂಟುಗಳು ಎರಡು.

ಒಂದು ‘ಎಸ್’. -ಹೆಯ್ತ್, -ತೆಯ್ತ್, -ಇಙ್, -ಸ್ಖ಼ಪ್ ಎಂದು ಮುಗಿಯುವ ನಾಮಪದಗಳ ಬೆನ್ನಿಗೆ ಇದು ಬಹುಮಟ್ಟಿಗೆ ಬರುತ್ತದೆ. ಆದ್ದರಿಂದ ಉದ್ದ ಪದದ ನಡುವೆ ‘ಹೆಯ್ತ್ಸ್’ ಅಥವಾ ‘ಇಙ್ಸ್’ ಕಂಡರೆ ಅದರ ಬೆನ್ನಿಗೇ ಬೆಸುಗೆ ಇದೆ ಎಂದು ಹೆಚ್ಚುಕಡಿಮೆ ಧೈರ್ಯವಾಗಿ ಹೇಳಬಹುದು. ಮುಂದಿನ ಪದವೂ ‘ಎಸ್’ನಿಂದಲೇ ಶುರುವಾದರೆ ಎರಡು ‘ಎಸ್’ ಬರೆದು ಒಂದನ್ನೇ ಉಚ್ಚರಿಸುತ್ತಾರೆ. ಊರಬೀದಿ ‘ದೊರ್ಪ್ಸ್+ಸ್ತ್ರಾತ್’, ಬಾಯಲ್ಲಿ ದೊರ್ಪ್ಸ್ತ್ರಾತ್. ಅಲ್ಲಿ ಅಂಟಿನ ‘ಎಸ್’ ಇದೆ ಎಂದು ಗೊತ್ತಾಗುವುದು ಹೇಗೆ? ಊರಚೌಕಕ್ಕೆ ‘ದೊರ್ಪ್ಸ್+ಪ್ಲೆಯ್ನ್’ ಎನ್ನುತ್ತಾರೆ, ಅಲ್ಲಿ ಅದು ಸ್ಪಷ್ಟವಾಗಿ ಕೇಳುತ್ತದೆ. ಡಚ್ ಕಾಗುಣಿತದ ನಿಯಮವೂ ಇದೇ ಹೋಲಿಕೆಯ ಮೇಲೆ ನಿಂತಿದೆ.

ಇನ್ನೊಂದು ‘ಅನ್’. ಪೂರ್ವಪದದ ಬಹುವಚನ ‘ಅನ್’ ಮಾತ್ರವಾಗಿದ್ದರೆ ನಡುವೆ ‘ಅನ್’ ಬರೆಯುತ್ತಾರೆ: ಟೊಮೆಟೊ ಸಾರಿಗೆ ‘ತೊಮಾತನ್+ಸುಪ್’. ಬಹುವಚನಕ್ಕೆ ‘ಎಸ್’ ಕೂಡ ಬರುವ ‘ಖ಼್ರುಂತ’ (ತರಕಾರಿ) ಮುಂತಾದವುಗಳಲ್ಲಿ ‘ಎನ್’ ಇಲ್ಲ: ‘ಖ಼್ರುಂತ+ಸುಪ್’. ಸೂರ್ಯ, ಚಂದ್ರರಂತೆ ಜಗತ್ತಿಗೆ ಒಂದೇ ಆದವುಗಳಿಗೂ ‘ಎನ್’ ಇಲ್ಲ. ಬಿಸಿಲು, ಬೆಳದಿಂಗಳು ಎರಡನ್ನೂ ಹಾಗೆಯೇ ಬರೆಯುತ್ತಾರೆ. ಈ ನಿಯಮ ಬಿಗಿಯಾದದ್ದು 1995ರ ಕಾಗುಣಿತ ಸುಧಾರಣೆಯಲ್ಲಿ. ಅದಕ್ಕೆ ಮುಂಚೆ ದೋಸೆಯಂಥ ಅವರ ‘ಪನ್ನನ್+ಕುಕ್’ ಪದದ ನಡುವೆ ‘ಎನ್’ ಇರಲಿಲ್ಲ. ಬರಹ ಬದಲಾಯಿತು, ಬಾಯಿ ಬದಲಾಗಲಿಲ್ಲ. ನೆದರ್‌ಲ್ಯಾಂಡ್ಸ್‌ನ ಬಹುಭಾಗದಲ್ಲಿ ಇಂದಿಗೂ ಅದು ‘ಪನಕುಕ್’. ಅಂಟಿನ ‘ಎನ್’ ಕಣ್ಣಿಗೆ ಮಾತ್ರ ಎಂದುಕೊಂಡರೆ ಸಾಕು.

ಬೆಸುಗೆ ತಪ್ಪು ಜಾಗದಲ್ಲಿ ಕಂಡರೆ ಅರ್ಥವೇ ಬೇರೆ ಆಗುವ ಪದಗಳಿವೆ. ಅಭ್ಯಾಸಕ್ಕೆ ಇವಕ್ಕಿಂತ ಒಳ್ಳೆಯವು ಸಿಗುವುದಿಲ್ಲ:

• ದೆಯ್ಕ್+ರಂಪ್ (ಕಡಲಗಟ್ಟೆಯ ದುರಂತ) / ದೆಯ್+ಕ್ರಂಪ್ (ತೊಡೆಯ ಸೆಡೆತ)
• ಕ್ವರ್ತ್+ಸ್ಲಾಖ಼ನ್ (ಕಾಲು ಸುತ್ತುಗಳು) / ಕ್ವರ್ತ್ಸ್+ಲಾಖ಼ನ್ (ಸ್ಫಟಿಕಶಿಲೆಯ ಪದರಗಳು)
• ಬೊಮ್+ಮೆಲ್ದಿಙ್ (ಬಾಂಬ್ ಇದೆ ಎಂಬ ಸುದ್ದಿ). ಇದನ್ನು ‘ಬೊಮ್ಮಲ್+ದಿಙ್’ ಎಂದು ಒಡೆದರೆ ಏನೂ ಅರ್ಥವಾಗದು.
• ಮಸಾಝ+ಬೆತ್ (ಮಾಲೀಸಿನ ಹಾಸಿಗೆ) / ಮಸಾ+ಖ಼ಬೆತ್ (ಸಾಮೂಹಿಕ ಪ್ರಾರ್ಥನೆ)

ಕೊನೆಯದನ್ನು ಗಮನಿಸಿ. ಎರಡಕ್ಕೂ ಅಕ್ಷರ ಒಂದೇ, ಆದರೆ ಒಂದೇ ‘ಜಿ’ ಒಂದು ಕಡೆ ‘ಝ’, ಇನ್ನೊಂದು ಕಡೆ ‘ಖ಼’; ಒತ್ತು ಒಂದರಲ್ಲಿ ‘ಸಾ’ ಮೇಲೆ, ಇನ್ನೊಂದರಲ್ಲಿ ‘ಮ’ ಮೇಲೆ. ಗೊಂದಲ ಆಗಬಹುದಾದ ಇಂಥ ಪದಗಳ ನಡುವೆ ಓದುಗರ ಅನುಕೂಲಕ್ಕಾಗಿ ಅಡ್ಡಗೆರೆ ಹಾಕಲು ಡಚ್ ಕಾಗುಣಿತ ಅವಕಾಶ ಕೊಟ್ಟಿದೆ.

ಹೆಜ್ಜೆ 2: ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಉಚ್ಚಾರಾಂಶಗಳಾಗಿ ಬಿಡಿಸಿ

ಬೆಸುಗೆ ಸಿಕ್ಕ ಮೇಲೆ ಅಲ್ಲಿ ಗೋಡೆ ಎದ್ದಿದೆ ಎಂದುಕೊಳ್ಳಿ. ಬರಹದಲ್ಲಿ ಯಾವ ವ್ಯಂಜನವೂ ಆ ಗೋಡೆ ದಾಟುವುದಿಲ್ಲ. ಒಳಗಿನ ನಿಯಮಗಳು ಸರಳ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಸ್ವರಕ್ಕೆ ಹೋಗುತ್ತದೆ. ಎರಡಿದ್ದರೆ ನಡುವೆ ಒಡೆಯುತ್ತದೆ. ‘ಸಿಎಚ್’ ಒಂದೇ ವ್ಯಂಜನದ ಲೆಕ್ಕ.

ಈ ಒಡೆಯುವಿಕೆಯೇ ಸ್ವರದ ಉದ್ದವನ್ನು ನಿರ್ಧರಿಸುತ್ತದೆ. ಉಚ್ಚಾರಾಂಶ ಸ್ವರದಲ್ಲಿ ಮುಗಿದರೆ ಒಂದೇ ‘ಎ’ ಬರೆದಿದ್ದರೂ ಅದು ದೀರ್ಘ, ವ್ಯಂಜನದಲ್ಲಿ ಮುಗಿದರೆ ಹ್ರಸ್ವ. ಹಾಗಾಗಿ ‘ಚಂದ್ರ’ನ ಬಹುವಚನ ಮಾ-ನನ್, ‘ಗಂಡಸು’ ಪದದ ಬಹುವಚನ ಮನ್-ನನ್. ಎರಡಕ್ಕೂ ವ್ಯತ್ಯಾಸ ನಡುವಿನ ಇನ್ನೊಂದು ‘ಎನ್’. ಇಲ್ಲೇ ಕನ್ನಡಿಗರು ಒಂದು ತಪ್ಪು ಮಾಡುತ್ತೇವೆ. ನಮ್ಮಲ್ಲಿ ಕನ, ಕನ್ನ ಬೇರೆಬೇರೆ. ದ್ವಿತ್ವ ಕಂಡರೆ ಅದನ್ನು ಒತ್ತಿಯೇ ಹೇಳುತ್ತೇವೆ. ಡಚ್ಚಿನಲ್ಲಿ ಜೋಡಿ ಅಕ್ಷರ ಬರುವುದು ಹಿಂದಿನ ಸ್ವರ ಹ್ರಸ್ವ ಎಂದು ತೋರಿಸಲು ಮಾತ್ರ. ಹೇಳುವಾಗ ‘ಮನ’, ದ್ವಿತ್ವವಿಲ್ಲ. ಈ ಒಂದನ್ನು ತಿದ್ದಿಕೊಂಡರೂ ಮಾತು ಎಷ್ಟೋ ಹಗುರಾಗುತ್ತದೆ.

ಸಾಲಿನ ಕೊನೆಯಲ್ಲಿ ಪದ ಮುರಿಯುವಾಗ ಇನ್ನಷ್ಟು ಎಚ್ಚರ ಬೇಕು. ಪದದ ಆರಂಭದ ಒಂಟಿ ಸ್ವರವನ್ನು ಬೇರ್ಪಡಿಸುವಂತಿಲ್ಲ. ರಾತ್ರಿಯೂಟ ‘ಆವೊಂದ್+ಏತನ್’ ಪದವನ್ನು ಬೆಸುಗೆಯಲ್ಲಿ ಮುರಿಯಬಹುದು, ಮೊದಲ ‘ಆ’ ಬಳಿಕ ಮುರಿಯಬಾರದು. ಸ್ವರದ ಮೇಲಿನ ಎರಡು ಚುಕ್ಕೆ (ತ್ರೇಮಾ) ಮುರಿದ ಜಾಗದಲ್ಲಿ ಬಿದ್ದುಹೋಗುತ್ತದೆ. ಅಡ್ಡಗೆರೆ ಆ ಕೆಲಸ ಮಾಡುವುದರಿಂದ ಚುಕ್ಕೆ ಬೇಡ. ‘ಪುಟ್ಟ ಕಾರು’ ಎಂಬ ಪದದಲ್ಲಿ ಉದ್ದ ತೋರಿಸಲು ಬರೆಯುವ ಎರಡನೇ ‘ಒ’ ಕೂಡ ಮುರಿದಾಗ ಮಾಯ. ಅನುಮಾನ ಬಂದರೆ ತಾಲ್‌ಯೂನಿ ಎಂಬ ಡಚ್ ಭಾಷಾ ಸಂಸ್ಥೆಯ ಅಧಿಕೃತ ಪದಪಟ್ಟಿಯ ಜಾಲತಾಣ ನೋಡಿ. ಪ್ರತಿ ಪದದ ಮುರಿಯುವ ಜಾಗವನ್ನು ಚುಕ್ಕೆ ಇಟ್ಟು ತೋರಿಸಿದೆ. 1954ರಲ್ಲಿ ಮೊದಲು ಬಂದ ‘ಖ಼್ರುನ ಬುಕ್ಯ’, ಅಂದರೆ ಹಸಿರು ಹೊತ್ತಗೆ, ಇದರದೇ ಅಚ್ಚಿನ ರೂಪ.

ಹೆಜ್ಜೆ 3: ಬೆಸುಗೆಯಲ್ಲಿ ಆಗುವ ಸಂಧಿ

ಈ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ಕಾಗದದ ಮೇಲೆ ಗೋಡೆಯ ಆಚೀಚೆ ಇರುವ ವ್ಯಂಜನಗಳು ಬಾಯಲ್ಲಿ ಒಂದನ್ನೊಂದು ಬದಲಿಸುತ್ತವೆ. ನಾಲ್ಕು ನಿಯಮ, ಇದೇ ಕ್ರಮದಲ್ಲಿ.

ಮೊದಲನೆಯದು: ಪೂರ್ವಪದದ ಕೊನೆಯ ಘೋಷ ವ್ಯಂಜನ (ಗ, ದ, ಬಗಳಂತೆ ಗಂಟಲು ಕಂಪಿಸುವಂಥದ್ದು) ಅಘೋಷವಾಗುತ್ತದೆ (ಕ, ತ, ಪಗಳಂತೆ ಕಂಪನವಿಲ್ಲದ್ದು). ‘ಡಿ’ ಬರೆದಿದ್ದರೂ ‘ತ್’, ‘ಬಿ’ ಇದ್ದರೂ ‘ಪ್’. ಹಲ್ಲಿನ ವೈದ್ಯರಿಗೆ ‘ತಂದ್+ಅರ್ತ್ಸ್’ ಎಂದು ಬರೆದು ‘ತಂತರ್ತ್ಸ್’ ಎನ್ನುತ್ತಾರೆ. ನಮ್ಮ ನಾಲಿಗೆ ಇಲ್ಲಿ ‘ದ’ಕಾರವನ್ನೇ ಬಯಸುತ್ತದೆ, ಏಕೆಂದರೆ ಷಟ್+ಆನನ ನಮಗೆ ಷಡಾನನ. ಡಚ್ಚಿನಲ್ಲಿ ಸ್ವರದ ಮುಂದೆ ಜಶ್ತ್ವ ಇಲ್ಲ. ಅಂಟಿನ ‘ಅನ್’ ಬಂದಾಗ ಮಾತ್ರ ಘೋಷ ಉಳಿಯುತ್ತದೆ, ಏಕೆಂದರೆ ಆಗ ‘ಡಿ’ ಆ ಸ್ವರದ ಉಚ್ಚಾರಾಂಶಕ್ಕೆ ಸೇರಿಬಿಡುತ್ತದೆ: ನಾಯಿಗೂಡು ‘ಹೊನ್-ದ+ಹೊಕ್’. ‘ಎಸ್’ ಅಂಟಿದರೆ ಅಘೋಷ: ನಾಯಿಯಷ್ಟು ದಣಿದವನು ‘ಹೊಂತ್ಸ್+ಮು’.

ಎರಡನೆಯದು: ಉತ್ತರಪದ ‘ಬ’ ಅಥವಾ ‘ದ’ ದಿಂದ ಶುರುವಾದರೆ ಹಿಂದಿನ ಅಘೋಷ ಘೋಷವಾಗುತ್ತದೆ. ಇದು ಅಚ್ಚುಕಟ್ಟಾಗಿ ವಾಕ್+ದೇವಿ = ವಾಗ್ದೇವಿ. ಕರವಸ್ತ್ರ ಜ಼ಕ್+ದುಕ್ = ಜ಼ಗ್ದುಕ್. ಫುಟ್‌ಬಾಲ್ ವುತ್+ಬಲ್ = ವುದ್ಬಲ್. ಮನೆಮಾಲೀಕ ಹೊಯ್ಸ್+ಬಾಸ್ = ಹೊಯ್ಜ಼್ಬಾಸ್. ಡಚ್ಚಿನಲ್ಲಿ ಎರವಲು ಪದಗಳ ಹೊರತು ಸ್ವತಂತ್ರವಾಗಿ ಕಾಣದ ನಮ್ಮ ‘ಗ’ ಧ್ವನಿ ಜ಼ಗ್ದುಕ್‌ನಂಥ ಬೆಸುಗೆಯಲ್ಲಿ ಮೂಡುತ್ತದೆ. ವಾಗ್ದೇವಿ ಎಂದು ಸಲೀಸಾಗಿ ಹೇಳುವ ನಾಲಿಗೆಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಮೂರನೆಯದು: ಉತ್ತರಪದ ‘ವಿ’, ‘ಜ಼ೆಡ್’, ‘ಜಿ’ ಅಕ್ಷರಗಳಿಂದ ಶುರುವಾಗಿ ಹಿಂದೆ ಅಘೋಷವಿದ್ದರೆ, ಈ ಸಲ ಸೋಲುವುದು ಉತ್ತರಪದ. ‘ವ’ ಹೋಗಿ ‘ಫ಼’, ‘ಜ಼’ ಹೋಗಿ ‘ಸ’, ‘ಜಿ’ ಪೂರ್ತಿ ಅಘೋಷ. ಧೂಳು ಹೀರುವ ಯಂತ್ರ ಸ್ತೊಫ಼್+ಜ಼ೊಯ್ಖ಼ರ್ = ಸ್ತೊಫ಼್ಸೊಯ್ಖ಼ರ್. ಹಿಡಿಕೆ ಹಂದ್+ವತ್: ಮೊದಲ ನಿಯಮದಿಂದ ಹಂತ್, ಮೂರನೆಯದರಿಂದ ಫ಼ತ್, ಒಟ್ಟು ಹಂತ್ಫ಼ತ್. ನಿಯಮಗಳ ಕ್ರಮ ಮುಖ್ಯವಾಗುವುದು ಇಂಥಲ್ಲಿ. ಕನ್ನಡದ ಆದೇಶ ಸಂಧಿಗೆ ಇದು ನೇರ ಎದುರು. ಮಳೆ+ಕಾಲ, ಬೆಟ್ಟ+ತಾವರೆಗಳಲ್ಲಿ ಉತ್ತರಪದದ ಅಘೋಷವನ್ನು ನಾವು ಘೋಷ ಮಾಡಿ ಮಳೆಗಾಲ, ಬೆಟ್ಟದಾವರೆ ಎನ್ನುತ್ತೇವೆ. ಅವರು ಉತ್ತರಪದದ ಘೋಷವನ್ನು ಅಘೋಷ ಮಾಡುತ್ತಾರೆ.

ನಾಲ್ಕನೆಯದು: ಒಂದೇ ವ್ಯಂಜನ ಎರಡು ಕಡೆ ಇದ್ದರೆ ಒಂದು ಉಳಿಯುತ್ತದೆ. ಟವೆಲ್ ಹಂದ್+ದುಕ್ = ಹಂದುಕ್. ಕಸ ಅಫ಼್+ವಲ್: ಮೂರನೆಯ ನಿಯಮದಿಂದ ಅಫ಼್+ಫ಼ಲ್, ಆಮೇಲೆ ಅಫ಼ಲ್. ಪ್ರಾಥಮಿಕ ಶಾಲೆ ಬಾಸಿಸ್+ಸ್ಖ಼ೋಲ್ = ಬಾಸಿಸ್ಖ಼ೋಲ್. ಅನುನಾಸಿಕ ‘ನ್’ ಮಾತ್ರ ನಮ್ಮ ಹಾಗೆಯೇ ವರ್ತಿಸುತ್ತದೆ: ‘ಬ’, ‘ಪ’ ಮುಂದೆ ‘ಮ್’. ಆನ್+ಬಿದಿಙ್ (ರಿಯಾಯಿತಿ ಕೊಡುಗೆ) ಅಂಗಡಿಗಳಲ್ಲಿ ‘ಆಂಬಿದಿಙ್’ ಎಂದೇ ಕೇಳುತ್ತದೆ.

ಕನ್ನಡಿಗರು ವಿಶೇಷವಾಗಿ ಬೀಳುವ ಮೂರು ಹೊಂಡಗಳು

ಮಹಾಪ್ರಾಣದ ಹೊಂಡ. ಪೂರ್ವಪದ ಪ, ತ, ಕಗಳಲ್ಲಿ ಮುಗಿದು ಉತ್ತರಪದ ‘ಎಚ್’ನಿಂದ ಶುರುವಾದರೆ ನಮ್ಮ ಕಣ್ಣು ಫ, ಥ, ಖ ಓದುತ್ತದೆ. ಆಮ್‌ಸ್ಟರ್‌ಡ್ಯಾಮ್‌ನ ವಿಮಾನ ನಿಲ್ದಾಣದ ಹೆಸರು ಸ್ಖ಼ಿಪ್+ಹೊಲ್. ಅದನ್ನು ‘ಸ್ಕಿಫೋಲ್’ ಎಂದರೆ ಬೆಸುಗೆ ಮುಚ್ಚಿಹೋಗುತ್ತದೆ. ಹಾಗೆಯೇ ಎಯ್ನ್ತ್+ಹೋವನ್ (ಐಂಡ್‌ಹೋವನ್) ಊರು, ಪಕ್+ಹೊಯ್ಸ್ ಎಂಬ ಉಗ್ರಾಣ, ಸ್ತತ್+ಹೊಯ್ಸ್ ಎಂಬ ನಗರಭವನ. ಎಲ್ಲದರಲ್ಲೂ ವ್ಯಂಜನವನ್ನು ಮುಚ್ಚಿ, ಆಮೇಲೆ ‘ಹ’ ಬಿಡಿ.

‘ಎನ್’, ‘ಜಿ’ ಜೋಡಿಯ ಹೊಂಡ. ಒಂದೇ ಪದದೊಳಗೆ ಇವೆರಡೂ ಸೇರಿ ‘ಙ’: ಬೆರಳು ‘ವಿಙರ್’, ನಡುವೆ ‘ಗ’ ಇಲ್ಲ. ಬೆಸುಗೆಯ ಆಚೀಚೆ ಇದ್ದರೆ ಬೇರೆಬೇರೆ. ಪ್ರವೇಶದ್ವಾರದ ಫಲಕ ಇನ್+ಖ಼ಙ್, ‘ಇಂಗಂಗ್’ ಅಲ್ಲ. ಹೊರದಾರಿ ಒಯ್ತ್+ಖ಼ಙ್.

ಸ್ವರಲೋಪದ ಹೊಂಡ. ಊರು+ಅಲ್ಲಿ = ಊರಲ್ಲಿ ಎಂದು ಸ್ವರ ನುಂಗುವ ಅಭ್ಯಾಸ ನಮಗೆ ಬೇರೂರಿದೆ. ಕಾರಿನ ಬಿಡಿಭಾಗಗಳಿಗೆ ಓತೋ+ಒಂದರ್ದೇಲನ್ ಎನ್ನುವಾಗ ಎರಡು ಒಕಾರವೂ ಕೇಳಬೇಕು. ಹೀಗೆ ಸ್ವರಗಳು ಢಿಕ್ಕಿ ಹೊಡೆಯುವ ಸಮಾಸದ ನಡುವೆ ಡಚ್ಚರು ಅಡ್ಡಗೆರೆ ಬರೆಯುತ್ತಾರೆ, ಆ ಗೆರೆಯೇ ನಿಮಗೆ ಎಚ್ಚರಿಕೆ. ಲೋಪಕ್ಕಿಂತ ಆಗಮ ವಾಸಿ: ಕಡಲಬಾತು ಜ಼ೇ+ಏಂತ್ ಹೇಳುವಾಗ ನಡುವೆ ತೆಳುವಾಗಿ ‘ಯ್’ ನುಸುಳಿದರೆ ತಪ್ಪೇನಿಲ್ಲ, ಮನೆಯಲ್ಲಿ ಎಂಬಂತೆ.

ಹೆಜ್ಜೆ 4: ಒತ್ತು ಇಡಿ

ಸಾಮಾನ್ಯ ನಿಯಮ: ಪೂರ್ವಪದ ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ ಸಮಾಸದಲ್ಲೂ ಅಲ್ಲೇ. ‘ಮೊದಲ ಉಚ್ಚಾರಾಂಶಕ್ಕೆ ಒತ್ತು’ ಎಂದು ಬಾಯಿಪಾಠ ಮಾಡಬೇಡಿ. ಖ಼-ಮೇನ್-ತ+ಹೊಯ್ಸ್ (ಪುರಸಭೆಯ ಕಚೇರಿ) ಪದದಲ್ಲಿ ಒತ್ತು ಎರಡನೆಯದಾದ ‘ಮೇನ್’ ಮೇಲೆ. ಉತ್ತರಪದದ ಒತ್ತು ಸಾಯುವುದಿಲ್ಲ, ತಗ್ಗುತ್ತದೆ. ಕನ್ನಡದಲ್ಲಿ ಒತ್ತಿನಿಂದ ಅರ್ಥ ಬದಲಾಗದ ಕಾರಣ ನಾವು ಎಲ್ಲ ತುಂಡನ್ನೂ ಒಂದೇ ಎತ್ತರದಲ್ಲಿ ಹೇಳಿಬಿಡುತ್ತೇವೆ. ಕೇಳುವ ಡಚ್ಚರಿಗೆ ಅದು ಒಂದು ಪದ ಅನ್ನಿಸದೆ ಬಿಡಿಬಿಡಿ ಪದಗಳ ಸಾಲು ಅನ್ನಿಸುತ್ತದೆ.

ಅಪವಾದಗಳನ್ನು ಹಾಗೇ ಕಲಿಯಬೇಕು. ಸ್ತತ್‌ಹೊಯ್ಸ್‌ನಲ್ಲಿ ಒತ್ತು ‘ಹೊಯ್ಸ್’ ಮೇಲೆ. ಊರ ಹೆಸರುಗಳಲ್ಲಿ ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ಆಮ್‌ಸ್ಟಲ್‌ವೇನ್‌ಗಳಿಗೆ ಕೊನೆಯಲ್ಲಿ ಒತ್ತು, ಐಂಡ್‌ಹೋವನ್‌ಗೆ ಮೊದಲಲ್ಲಿ. ಬೀದಿಗಳಲ್ಲಿ ‘ಸ್ತ್ರಾತ್’ ಒತ್ತು ಪಡೆಯುವುದಿಲ್ಲ: ಕಲ್ವರ್+ಸ್ತ್ರಾತ್‌ನ ಒತ್ತು ‘ಕಲ್’ ಮೇಲೆ. ಕಾಲುವೆಯ ‘ಖ಼್ರಖ಼್ತ್’ ಒತ್ತನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ: ಪ್ರಿನ್ಸನ್+ಖ಼್ರಖ಼್ತ್ ಕೊನೆಯಲ್ಲಿ ಎದ್ದು ಕೇಳುತ್ತದೆ.

ವಿಶೇಷಣ ಮತ್ತು ನಾಮಪದ ಎರಡೂ ಸೇರಿ ಪೂರ್ವಪದವಾದರೆ ಒತ್ತು ಆ ನಾಮಪದದ ಮೇಲೆ. ಅತಿವೇಗದ ರೈಲು ಹೋಖ಼+ಸ್ನೆಲ್‌ಹೆಯ್ತ್ಸ್+ತ್ರೆಯ್ನ್, ಒತ್ತು ‘ಸ್ನೆಲ್’ ಮೇಲೆ. ಇಂಥವನ್ನು ಜಾಗ ಬಿಟ್ಟು ಬರೆಯುವ ತಪ್ಪು ಡಚ್ಚರಲ್ಲೂ ಇದೆ, ಅದನ್ನು ಅವರು ‘ಇಂಗ್ಲಿಷ್ ರೋಗ’ ಎನ್ನುತ್ತಾರೆ. ದೂರದ ಓಟಗಾರ ಎಂಬ ಒಂದೇ ಪದವನ್ನು ಲಙ ಎಂಬುದರ ಬಳಿಕ ಒಡೆದು ಬರೆದರೆ ‘ಎತ್ತರದ ಓಟಗಾರ’ ಎಂದಾಗುತ್ತದೆ.

ಹೆಜ್ಜೆ 5: ಮಾತಿನ ಹರಿವಿಗೆ ಗೋಡೆ ಕೆಡವಿ

ಬರಹದಲ್ಲಿ ಗೋಡೆ ಗಟ್ಟಿ, ಮಾತಿನಲ್ಲಿ ಅಲ್ಲ. ಕುಟುಂಬವೈದ್ಯರಿಗೆ ಬರಹದಲ್ಲಿ ಹೊಯ್ಸ್+ಅರ್ತ್ಸ್, ಸಾಲಿನ ಕೊನೆಯಲ್ಲಿ ಮುರಿಯುವುದೂ ಅಲ್ಲೇ. ಹೇಳುವಾಗ ಹೊಯ್-ಸರ್ತ್ಸ್. ಶಿಶುಪಾಲನಾ ಕೇಂದ್ರ ಕಿಂದರ್+ಒಪ್+ವಙ್, ಹೇಳುವಾಗ ಕಿನ್-ದ-ರೊಪ್-ಫ಼ಙ್. ‘ಅದಕ್ಕೇ’ ಎನ್ನಲು ಬರೆಯುವುದು ದಾರ್+ಒಮ್, ಆಡುವುದು ದಾ-ರೊಮ್. ವ್ಯಂಜನ ಮುಂದಿನ ಸ್ವರಕ್ಕೆ ಸರಿದರೂ ಅಘೋಷವಾಗಿಯೇ ಸರಿಯುತ್ತದೆ, ‘ಹೊಯ್ಜ಼ರ್ತ್ಸ್’ ಎಂದಾಗಬಾರದು. ಮೂರು ವ್ಯಂಜನಗಳು ಒಟ್ಟಿಗೆ ಬಂದಾಗ ನಡುವಿನ ‘ತ್’ ದಿನಬಳಕೆಯ ಮಾತಿನಲ್ಲಿ ಉದುರುತ್ತದೆ: ಅಂಚೆಯವರು ಪೊಸ್ತ್+ಬೋದ, ಬಾಯಲ್ಲಿ ‘ಪೊಜ಼್ಬೋದ’.

ಟಿಪ್ಪಣಿ ಬರೆದುಕೊಳ್ಳುವ ಕ್ರಮ

ಕನ್ನಡದಲ್ಲಿ ಉಚ್ಚಾರ ಬರೆದುಕೊಳ್ಳುವವರು ಒತ್ತಕ್ಷರದ ವಿಷಯದಲ್ಲಿ ಎಚ್ಚರವಾಗಿರಬೇಕು. ‘ಸ್ತಥೊಯ್ಸ್’, ‘ಹೊಯ್ಸರ್ತ್ಸ್’ ಎಂದು ಒಟ್ಟಾಗಿ ಬರೆದರೆ ಬೆಸುಗೆಯೇ ಕಾಣದು. ಒತ್ತಕ್ಷರ ಹಿಂದಿನ ಪದದ ಕೊನೆಯನ್ನು ಮುಂದಿನದಕ್ಕೆ ಹೊಲಿದುಬಿಡುತ್ತದೆ. ಎರಡು ಸಾಲು ಬರೆಯಿರಿ. ಮೇಲಿನ ಸಾಲಿನಲ್ಲಿ ಬೆಸುಗೆ ತೋರಿಸಿ, ಪೂರ್ವಪದದ ಕೊನೆಗೆ ಅರ್ಧಾಕ್ಷರವನ್ನು ಬಿಡಿಯಾಗಿ ಉಳಿಸಿ. ಕೆಳಗೆ ಸಂಧಿ ಆದ ಮೇಲಿನ ಉಚ್ಚಾರ ಬರೆದು ಒತ್ತು ಬೀಳುವ ಉಚ್ಚಾರಾಂಶಕ್ಕೆ ಅಡಿಗೆರೆ ಎಳೆಯಿರಿ. ದಿನಕ್ಕೆ ಐದು ಪದ ಸಾಕು. ಪುಸ್ತಕದಿಂದ ಬೇಡ, ನಿಮಗೆ ಬಂದ ಪತ್ರದಿಂದಲೇ ಆರಿಸಿ.

ಎಲ್ಲ ಹೆಜ್ಜೆಗಳೂ ಒಂದೇ ಪದದಲ್ಲಿ

ಆ 33 ಅಕ್ಷರದ ಪದಕ್ಕೆ ಮರಳೋಣ.

ಬೆಸುಗೆ: ಅರ್ಬೆಯ್ದ್ಸ್ + ಒನ್‌ಖ಼ಸ್ಖ಼ಿಕ್ತ್‌ಹೆಯ್ದ್ಸ್ + ವರ್ಜ಼ೇಕರಿಙ್
ಉಚ್ಚಾರಾಂಶ: ಅರ್-ಬೆಯ್ದ್ಸ್ + ಒನ್-ಖ಼-ಸ್ಖ಼ಿಕ್ತ್-ಹೆಯ್ದ್ಸ್ + ವರ್-ಜ಼ೇ-ಕ-ರಿಙ್, ಒಟ್ಟು 10
ಸಂಧಿ: ಎರಡೂ ‘ದ್ಸ್’ ಅಘೋಷವಾಗಿ ‘ತ್ಸ್’, ಅದರ ಬೆನ್ನಿಗಿರುವ ‘ವರ್’ ಈಗ ‘ಫ಼ರ್’, ‘ಕ್ತ್’ ಮತ್ತು ‘ಹ’ ನಡುವೆ ಮಹಾಪ್ರಾಣ ಮೂಡಬಾರದು
ಒತ್ತು: ಮುಖ್ಯವಾದದ್ದು ‘ಅರ್’ ಮೇಲೆ, ತಗ್ಗಿದ್ದು ‘ಜ಼ೇ’ ಮೇಲೆ
ಉಚ್ಚಾರ: ಅರ್ಬೆಯ್ತ್ಸ್-ಒನ್‌ಖ಼ಸ್ಖ಼ಿಕ್ತ್‌ಹೆಯ್ತ್ಸ್-ಫ಼ರ್ಜ಼ೇಕರಿಙ್

ಬಾಯಿಗೆ ಕೂರಿಸಿಕೊಳ್ಳುವುದೂ ಹಿಂದಿನಿಂದಲೇ. ‘ರಿಙ್’ ಹೇಳಿ. ‘ಕರಿಙ್’. ‘ಜ಼ೇಕರಿಙ್’. ‘ಫ಼ರ್ಜ಼ೇಕರಿಙ್’. ಆಮೇಲೆ ‘ಹೆಯ್ತ್ಸ್‌ಫ಼ರ್ಜ಼ೇಕರಿಙ್’, ‘ಸ್ಖ಼ಿಕ್ತ್‌ಹೆಯ್ತ್ಸ್‌ಫ಼ರ್ಜ಼ೇಕರಿಙ್’. ಮುಂದಿನಿಂದ ಕಲಿತರೆ ಪದದ ಬಾಲ ಯಾವಾಗಲೂ ಹೊಸದಾಗಿಯೇ ಉಳಿಯುತ್ತದೆ. ಹಿಂದಿನಿಂದ ಕಟ್ಟಿದರೆ ಪ್ರತಿ ಸಲವೂ ಪರಿಚಿತವಾದ ಕಡೆಗೆ ಓಡುತ್ತೀರಿ. ಆರು ಸಲ ಹೀಗೆ ಕಟ್ಟಿ, ಏಳನೆಯ ಸಲ ‘ಅರ್’ ಮೇಲೆ ದನಿ ಎತ್ತಿ ಇಡೀ ಪದವನ್ನು ಒಂದೇ ಉಸಿರಿನಲ್ಲಿ ಹೇಳಿ. ಕಚೇರಿಯ ಕಿಟಕಿಯ ಆಚೆ ಕೂತವರು ಇದನ್ನೇ ‘ಆ-ಓ-ವೇ’ ಎಂದು ಮೂರಕ್ಷರಕ್ಕೆ ಇಳಿಸಿ ಹೇಳಬಹುದು. ಆ ಮೂರೂ ಅಕ್ಷರಗಳು ನೀವು ಒಡೆದ ಮೂರು ತುಂಡುಗಳ ಮೊದಲಕ್ಷರಗಳೇ.